ಗಾಯ ಯುದ್ಧದ್ದೇ ಆಗಬೇಕೆಂದಿಲ್ಲ

ಪ್ರಶ್ನೆ: ಯಜಮಾನರು ಸೇನೆಯಲ್ಲಿ ಹವಾಲ್ದಾರರಾಗಿದ್ದು, ಎರಡು ವರ್ಷದ ಹಿಂದೆ ರಿಟೈರ್ ಆಗಿ ಊರಿಗೆ ಬಂದರು. ರಾತ್ರಿ ಬೆಚ್ಚಿ ಎದ್ದು ಕೂರುತ್ತಾರೆ. ಕ್ಯಾಂಟೀನಿನ ರಮ್ ಈಗ ದಿನವೂ ಬೇಕು. ಮೊನ್ನೆ ಮಗನ ಮಾರ್ಕ್ಸ್ ಕಾರ್ಡ್ ನೋಡಿ ಬೆಲ್ಟ್ ಬಿಚ್ಚಿದವರು, ಕೈ ನಡುಗಿ, ಅದನ್ನು ಬಿಸಾಕಿ ಹೊರಗೆ ಹೋದರು. ಚಿಕ್ಕಂದಿನಲ್ಲಿ ಅವರಪ್ಪ ಹೀಗೇ ಬಾರಿಸುತ್ತಿದ್ದರೆಂದು ಆ ರಾತ್ರಿ ಮೊದಲ ಸಲ ಬಾಯಿಬಿಟ್ಟರು. ಯುದ್ಧ ಕಂಡವರಲ್ಲ, ಸ್ಟೋರ್ ಡ್ಯೂಟಿಯಲ್ಲಿದ್ದವರು. ಇಷ್ಟು ವರ್ಷ ಗಟ್ಟಿಯಾಗಿದ್ದವರಿಗೆ ಈಗೇಕೆ ಹೀಗೆ?
– ಓದುಗಿ, ಹಾಸನ ಜಿಲ್ಲೆ

ಉತ್ತರ: ಸೋದರಿ, ಅವರನ್ನು ನೋಡದೆ ಕಾಯಿಲೆಗೆ ಹೆಸರಿಡಲಾರೆ. ಆದರೆ ಮನಸ್ಸು ಘಾಸಿಗೊಳ್ಳಲು ಗುಂಡಿನ ಸದ್ದೇ ಕೇಳಬೇಕೆಂದಿಲ್ಲ. ಅಪ್ಪನ ಹೆಜ್ಜೆ ಸಪ್ಪಳಕ್ಕೇ ನಡುಗುತ್ತಾ ಬೆಳೆದ ಮಗುವಿನ ಮೈ ಸದಾ ಎಚ್ಚರವಾಗಿರುವುದನ್ನು ಕಲಿಯುತ್ತದೆ. ಸೇನೆಯಲ್ಲಿ ಆ ಎಚ್ಚರವೇ ಗುಣ ಅನ್ನಿಸಿಕೊಳ್ಳುತ್ತದೆ. ಬೆಳಗಿನ ಪಿಟಿಯಿಂದ ರಾತ್ರಿಯ ರೋಲ್‌ಕಾಲ್‌ವರೆಗಿನ ಶಿಸ್ತು ಹಳೆಯ ನೋವನ್ನು ಅದುಮಿಡುತ್ತದೆ. ನಿವೃತ್ತಿಯಾದಾಗ ಆ ಕಟ್ಟು ಕಳಚುತ್ತದೆ. ತಾವು ಏಟು ತಿಂದ ವಯಸ್ಸಿಗೆ ಮಗ ಬಂದಾಗ ಹಳೆಯದು ಮರುಕಳಿಸುವುದೂ ಉಂಟು.

ಅಮೆರಿಕದಲ್ಲಿ 9,500ಕ್ಕೂ ಹೆಚ್ಚು ಜನರನ್ನು ಒಳಗೊಂಡು 1998ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬಾಲ್ಯದ ಹಿಂಸೆ ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಖಿನ್ನತೆ, ಕುಡಿತ, ಆತ್ಮಹತ್ಯೆ ಯತ್ನ ಹೆಚ್ಚೆಂದು ತೋರಿಸಿತು. ಅಲ್ಲಿ 1973ರಲ್ಲಿ ಕಡ್ಡಾಯ ಸೇನಾ ಭರ್ತಿ ನಿಂತಿತು. ಆಮೇಲೆ ತಾವಾಗಿ ಸೇನೆ ಸೇರಿದ ಗಂಡಸರಲ್ಲಿ ಇಂಥ ಬಾಲ್ಯ ಕಂಡವರು, ಸೇನೆಗೆ ಹೋಗದವರಿಗಿಂತ ಹೆಚ್ಚು ಎಂದಿತು 2014ರ ಇನ್ನೊಂದು ಅಧ್ಯಯನ. ಮನೆಯಿಂದ ಪಾರಾಗಲೆಂದೇ ಕೆಲವರು ಸಮವಸ್ತ್ರ ತೊಟ್ಟಿರಬಹುದು. ನಿಮ್ಮವರು ಒಬ್ಬಂಟಿಯಲ್ಲ, ದುರ್ಬಲರಂತೂ ಅಲ್ಲವೇ ಅಲ್ಲ.

ಹಳೆಯದನ್ನು ಕೆದಕಿ ಕೇಳಬೇಡಿ. ಅವರಾಗಿ ಹೇಳಿದರೆ ನಡುವೆ ಬಾಯಿ ಹಾಕದೆ ಕೇಳಿ. ‘ಆ ವಯಸ್ಸಲ್ಲಿ ನೀವೇನು ಮಾಡೋಕಾಗ್ತಿತ್ತು? ತಪ್ಪು ನಿಮ್ಮದಲ್ಲ’ ಅನ್ನಿ. ರಮ್ ಬಾಟಲಿ ಬಚ್ಚಿಡಬೇಡಿ. ದಿನವೂ ಕುಡಿಯುವವರು ಏಕಾಏಕಿ ಬಿಟ್ಟರೆ ಫಿಟ್ಸ್ ಬರಬಹುದು, ವೈದ್ಯರೇ ಬಿಡಿಸಬೇಕು. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಇದ್ದರೆ ಈ ವಾರವೇ ಪಾಲಿಕ್ಲಿನಿಕ್ಕಿಗೆ ಹೋಗಿ, ಮನೋವೈದ್ಯರಿಗೆ ರೆಫರ್ ಮಾಡಲು ಕೇಳಿ. ‘ನಿದ್ದೆ ಬರ್ತಿಲ್ಲ, ತೋರಿಸಿಕೊಂಡು ಬರೋಣ’ ಅಂದರೆ ಒಪ್ಪುವುದು ಸುಲಭ. ಬಾಲ್ಯದ ಆಘಾತಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆಗಳಿವೆ. ಬೇಕಿದ್ದರೆ ಔಷಧಿಯೂ ಉಂಟು. ಅವರು ಒಪ್ಪದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನೀವೇ ಕರೆ ಮಾಡಿ; ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.

ಸಾಯುವ ಮಾತು ಬಂದರೆ ಅವರನ್ನು ಒಬ್ಬರೇ ಬಿಡಬೇಡಿ. ಮನೆಯಲ್ಲಿ ಕೋವಿಯಿದ್ದರೆ ಇಂದೇ ಬೇರೆಡೆ ಇಡಿಸಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಅವರ ನೋವು ಎಷ್ಟೇ ದೊಡ್ಡದಿರಲಿ, ನೀವು ಮತ್ತು ಮಗ ಏಟು ಸಹಿಸಬೇಕಿಲ್ಲ. ಕೈ ಎತ್ತಿದರೆ ಮಗನನ್ನು ಕರೆದುಕೊಂಡು ನಂಬಿಕೆಯವರ ಮನೆಗೆ ಹೊರಡಿ. ಅಪ್ಪನ ಸಿಟ್ಟಿಗೆ ತನ್ನ ಮಾರ್ಕ್ಸು ಕಾರಣವಲ್ಲ ಎಂದು ಹುಡುಗನಿಗೆ ಬಿಡಿಸಿ ಹೇಳಿ. ನಿಮ್ಮವರು ತಮ್ಮ ಕೈಯನ್ನು ತಾವೇ ತಡೆದಿದ್ದಾರೆ. ಅಪ್ಪನ ಹಾಗಾಗಬಾರದೆಂಬ ಹಟ ಅವರಲ್ಲಿದೆ. ಚಿಕಿತ್ಸೆ ಶುರುವಾಗಲು ಅದಕ್ಕಿಂತ ದೊಡ್ಡ ಬಲ ಬೇಕಿಲ್ಲ.