ಮನೆಯುಡುಪು ಮನೆಯಲ್ಲೇ ಹೊಲಿಯೋಣ

ಕುವೈತಿನ ಬೇಸಿಗೆ ನಮಗೆಲ್ಲ ಗೊತ್ತು. 2016ರ ಜುಲೈ 21ರಂದು ಇಲ್ಲಿನ ಮಿತ್ರಿಬಾದಲ್ಲಿ ತಾಪಮಾನ 53.9 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಇಂಥ ದಿನಗಳಲ್ಲಿ ಮನೆಯೊಳಗೆ ಹಗುರವಾದ ಹತ್ತಿಯ ಪೈಜಾಮವೇ ಹಿತ. ಅದಕ್ಕೆ ಟೀ ಶರ್ಟಿನ ಬಟ್ಟೆ, ಅಂದರೆ ಹೆಣೆದ ಬಟ್ಟೆ, ಬಹಳ ಸೂಕ್ತ. ತಮಿಳುನಾಡಿನ ತಿರುಪ್ಪೂರು ಇದಕ್ಕೆ ಹೆಸರುವಾಸಿ.

ಸೀರೆಯನ್ನು ಹಾಸುಹೊಕ್ಕಿನ ಎಳೆಗಳಿಂದ ನೇಯುತ್ತಾರೆ. ಹೆಣೆದ ಬಟ್ಟೆಯಲ್ಲಾದರೋ ನೂಲಿನ ಕುಣಿಕೆಗಳು ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ಆದ್ದರಿಂದಲೇ ಅದು ಹಿಗ್ಗುತ್ತದೆ. ಚೂಪು ಸೂಜಿ ಕುಣಿಕೆಯನ್ನು ಹರಿದು ತೂತು ಮಾಡಬಹುದು. ನೇರ ಹೊಲಿಗೆ ಬಟ್ಟೆಯಷ್ಟು ಹಿಗ್ಗದೆ, ಕುಳಿತಾಗ ಪಟ್ಟನೆ ಬಿಡಬಹುದು. ತುದಿ ದುಂಡಗಿರುವ ಬಾಲ್ ಪಾಯಿಂಟ್ ಸೂಜಿ, ಕಿರಿದಾದ ಜಿಗ್‌ಜಾಗ್ ಹೊಲಿಗೆ: ಇವೆರಡೇ ಇದರ ಗುಟ್ಟು.

ಮಾಡುವ ವಿಧಾನ:

1. ಬಟ್ಟೆಯನ್ನು ಮೊದಲೇ ಒಗೆದು ಒಣಗಿಸಿ. ಕುಗ್ಗುವುದಿದ್ದರೆ ಆಗಲೇ ಕುಗ್ಗಲಿ.

2. ಹೆಚ್ಚು ಹಿಗ್ಗುವ ದಿಕ್ಕು ಸೊಂಟದ ಸುತ್ತ ಬರುವಂತೆ ಬಟ್ಟೆಯನ್ನು ಮಡಚಿ ಹಾಸಿ.

3. ಸರಿಹೊಂದುವ ಹಳೆಯ ಪೈಜಾಮದ ಒಂದು ಕಾಲನ್ನು ಇನ್ನೊಂದರೊಳಗೆ ಸೇರಿಸಿ, ಅದರ ಹೊರಬದಿಯನ್ನು ಮಡಿಕೆಗೆ ಹೊಂದಿಸಿಡಿ. ಸೊಂಟವನ್ನು ಎಳೆದು ಅಗಲಿಸಿ ಗುರುತು ಹಾಕಿ. ಹೊಲಿಗೆಗೆ 1.5 ಸೆಂ.ಮೀ., ಸೊಂಟಕ್ಕೂ ಪಾದದ ಅಂಚಿಗೂ 4 ಸೆಂ.ಮೀ. ಹೆಚ್ಚಿಗೆ ಬಿಟ್ಟು ಕತ್ತರಿಸಿ. ಇಂಥ ಎರಡು ತುಂಡು ಬೇಕು.

4. ಮೊದಲು ಒಂದೊಂದು ಕಾಲಿನ ಒಳಬದಿ, ಆಮೇಲೆ ಎರಡನ್ನೂ ಜೋಡಿಸಿ ನಡುವಿನ ಹೊಲಿಗೆ ಹಾಕಿ. ಬಟ್ಟೆಯನ್ನು ಎಳೆಯಬೇಡಿ; ಎಳೆದರೆ ಅಂಚು ಅಲೆ ಅಲೆಯಾಗುತ್ತದೆ.

5. ಸೊಂಟದ ಅಳತೆಗಿಂತ 5 ಸೆಂ.ಮೀ. ಕಡಿಮೆ ಎಲಾಸ್ಟಿಕ್ ತೂರಿಸಿ, ಕಾಲಿನ ಅಂಚು ಮಡಚಿ ಹೊಲಿಯಿರಿ.

ಬೇರೆ ಬಣ್ಣದ ಜೇಬು ಹಚ್ಚಿದರೆ ಚೆಂದವೂ ಹೆಚ್ಚುತ್ತದೆ. ಮಕ್ಕಳೇ, ಯಂತ್ರದ ಮುಂದೆ ಕುಳಿತಾಗ ಹಿರಿಯರು ಜೊತೆಗಿರಲಿ. ಈ ರಜೆಯಲ್ಲಿ ಒಂದು ಹೊಲಿದು ನೋಡಿ!