ಉಪ್ಪು, ನೀರು ಮತ್ತು ಪ್ರಾಣಿಗಳು

ರವಿವಾರ ಪೇಟೆಯ ಅಂಗಡಿಗಳಲ್ಲಿ ಉಪ್ಪು ಅಗ್ಗದ ಪದಾರ್ಥವು; ಆದರೆ ಪ್ರಾಣಿಗಳ ಶರೀರದಲ್ಲಿ ಅದರ ಲೆಕ್ಕವು ಬಹು ಬಿಗಿಯಾದದ್ದು. ನಮ್ಮ ರಕ್ತದ ದ್ರವದಲ್ಲಿ ಲೀಟರಿಗೆ ಸುಮಾರು 9 ಗ್ರಾಂ ಲವಣವಿರುವದು. ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ.

ಮಾವಿನ ಹೋಳುಗಳಿಗೆ ಉಪ್ಪು ಬೆರಸಿದರೆ ಅವು ನೀರು ಬಿಡುವವು. ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಯಿಟ್ಟರೆ ಅದು ಉಬ್ಬುವದು. ತೆಳುವಾದ ಪೊರೆಯ ಎರಡು ಕಡೆಗಳಲ್ಲಿ ಯಾವ ಕಡೆಗೆ ಲವಣ ಅಥವಾ ಸಕ್ಕರೆ ಹೆಚ್ಚೋ ಆ ಕಡೆಗೆ ನೀರು ಸೇರುವದು. ಈ ನಿಯಮವನ್ನು ತಿಳಿದರೆ ಮುಂದಿನದೆಲ್ಲವೂ ಸುಲಭವಾಗುವದು.

ಖಾನಾಪುರ ತಾಲೂಕಿನ ಕಾಡಿನಲ್ಲಿ ಹುಟ್ಟಿದ ಮಹದಾಯಿಯು ಗೋವೆಯಲ್ಲಿ ಮಾಂಡವಿಯೆನಿಸಿ ಪಣಜಿಯ ಬಳಿಯಲ್ಲಿ ಸಮುದ್ರವನ್ನು ಸೇರುವದು. ಮೇಲಿನ ಸಿಹಿನೀರಿನ ಮೀನಿನ ರಕ್ತವು ಹೊಳೆಗಿಂತ ಉಪ್ಪಾದದ್ದು. ಆದ್ದರಿಂದ ಕಿವಿರುಗಳ ಮೂಲಕ ನೀರು ಸದಾ ಒಳನುಗ್ಗುವದು. ಮೀನು ಹೆಚ್ಚಿನ ನೀರನ್ನು ತೆಳುವಾದ ಮೂತ್ರವಾಗಿ ಹೊರಗೆಡವಿ, ಕಳೆದುಹೋದ ಲವಣವನ್ನು ಕಿವಿರುಗಳಿಂದಲೇ ಹೀರಿಕೊಳ್ಳುವದು. ಕಡಲಿನ ಬಂಗಡೆಯ ಸ್ಥಿತಿಯು ಇದಕ್ಕೆ ವಿರುದ್ಧವಾದದ್ದು. ನೀರಿನ ನಡುವೆ ಇದ್ದೂ ಅದರ ಶರೀರವು ನೀರನ್ನು ಕಳೆದುಕೊಳ್ಳುವದು. ಅದು ಕಡಲ ನೀರನ್ನೇ ಕುಡಿದು, ಮಿಕ್ಕ ಉಪ್ಪನ್ನು ಕಿವಿರುಗಳಿಂದ ಹೊರದೂಡುವದು. ಕಾರವಾರದ ಕರಾವಳಿಗೆ ಮೊಟ್ಟೆಯಿಡಲು ಬರುವ ಕಡಲಾಮೆಯು ಕಣ್ಣಿನ ಬಳಿಯ ಗ್ರಂಥಿಯಿಂದ ಉಪ್ಪುನೀರನ್ನು ಸುರಿಸುವದು. ಅದು ದುಃಖದ ಕಣ್ಣೀರಲ್ಲ. ಮಳೆಗಾಲದ ಕಪ್ಪೆಯೋ ಬಾಯಿಂದ ಕುಡಿಯದೆ ಚರ್ಮದಿಂದಲೇ ನೀರನ್ನು ಹೀರುವದು.

ಮನುಷ್ಯನಿಗೆ ಇಂಥ ಸಾಧನಗಳಿಲ್ಲ. ನಮ್ಮ ಮೂತ್ರಪಿಂಡಗಳು ಕಡಲ ನೀರಿಗಿಂತ ಉಪ್ಪಾದ ಮೂತ್ರವನ್ನು ಮಾಡಲಾರವು. ಆದಕಾರಣ ಅದನ್ನು ಕುಡಿದವನಿಗೆ ದಾಹವು ಹೆಚ್ಚುವದು. ವಾಂತಿಭೇದಿಯಲ್ಲಿ ನೀರೂ ಲವಣವೂ ಕೂಡಿಯೇ ಹೋಗುವದರಿಂದ ಬರಿಯ ನೀರು ಸಾಲದು. ಕರುಳಿನಲ್ಲಿ ಸಕ್ಕರೆಯು ಉಪ್ಪನ್ನು ಒಳಕ್ಕೆ ಕರೆದೊಯ್ಯುವದು, ನೀರು ಅವುಗಳನ್ನು ಹಿಂಬಾಲಿಸುವದು. 1971ರಲ್ಲಿ ಬಂಗಾಳದ ಬನಗಾಂವದಲ್ಲಿ ನಿರಾಶ್ರಿತರೊಳಗೆ ಕಾಲರಾ ಹಬ್ಬಿದಾಗ ಡಾಕ್ಟರ್ ದಿಲೀಪ ಮಹಾಲನಬೀಸರು ಇಂಥ ದ್ರಾವಣವನ್ನೇ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಮರಣವು 4ಕ್ಕಿಂತ ಕೆಳಗಿಳಿಯಿತು.

ವಿದ್ಯಾರ್ಥಿನಿಯರೇ, ಈ ಅಳತೆಯನ್ನು ಬಾಯಿಪಾಠ ಮಾಡಿರಿ: ಕುದಿಸಿ ಆರಿಸಿದ ನೀರು 1 ಲೀಟರ್, ಸಕ್ಕರೆ 6 ಚಹದ ಚಮಚ, ಉಪ್ಪು ಅರ್ಧ ಚಮಚ, ಚಮಚವು ತಲೆಸಮವಾಗಿರಲಿ. ಉಪ್ಪು ಹೆಚ್ಚಾದರೆ ಕೂಸಿಗೆ ಅಪಾಯವು. ಗುಟುಕುಗುಟುಕಾಗಿ ಕುಡಿಸಿರಿ, ಎದೆಹಾಲನ್ನು ನಿಲ್ಲಿಸಬೇಡಿರಿ. ಕೂಸು ಮಂಕಾದರೆ ಅಥವಾ ಕುಡಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ದೇವರು ಮೀನಿಗೆ ಕಿವಿರನ್ನು ಕೊಟ್ಟಂತೆ ನಮಗೆ ಬುದ್ಧಿಯನ್ನು ಕೊಟ್ಟಿದ್ದಾನೆ. ಶಾಲೆಯಲ್ಲಿ ಕಲಿತದ್ದನ್ನು ಮನೆಯಲ್ಲಿ ತಾಯಂದಿರಿಗೂ ನೆರೆಯವರಿಗೂ ತಿಳಿಸಿರಿ.