ಮಾತ್ರೆ ನುಂಗುವ ಮೊದಲು

ಎಕ್ಸಾಂ ಹತ್ತಿರ ಬಂದಾಗ ‘ಒಂದು ಮಾತ್ರೆ ತಗೊಂಡ್ರೆ ರಾತ್ರಿಯಿಡೀ ಓದಬಹುದು’ ಅನ್ನೋ ಮಾತು ನಮ್ಮ ಕಿವಿಗೆ ಬೀಳುತ್ತದೆ. ಅಂಥದ್ದರಲ್ಲಿ ಒಂದು ಮಿಥೈಲ್‌ಫೆನಿಡೇಟ್, ಎಡಿಎಚ್‌ಡಿ ಇರುವವರಿಗೆ ವೈದ್ಯರು ಬರೆಯುವ ಔಷಧಿ. ಇದು ಶೆಡ್ಯೂಲ್ ಎಕ್ಸ್‌ಗೆ ಸೇರಿದ್ದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಲ್ಲೇ ಆದರೂ ಚೀಟಿಯ 2 ಪ್ರತಿ ಬೇಕು. ಒಂದನ್ನು ಮೆಡಿಕಲ್‌ನವರು 2 ವರ್ಷ ಇಟ್ಟುಕೊಳ್ಳಬೇಕು.

ವೈದ್ಯರು ಬರೆದುಕೊಟ್ಟರೂ ನಾವು ನೋಡಬೇಕಾದ್ದು:

1. ಬಿಪಿ, ನಾಡಿಬಡಿತ ಚೆಕ್ ಮಾಡಿಸೋಣ. ಈ ಔಷಧಿ ಎರಡನ್ನೂ ಏರಿಸಬಹುದು.

2. ಎದೆನೋವು, ತಲೆತಿರುಗಿ ಬಿದ್ದದ್ದು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಯಾರಾದರೂ ಹೃದಯದ ತೊಂದರೆಯಿಂದ ತೀರಿಕೊಂಡದ್ದು ಇದ್ದರೆ ಮುಚ್ಚಿಡದೆ ಹೇಳೋಣ.

3. ಗ್ಲಾಕೋಮಾ, ವಿಪರೀತ ಆತಂಕ, ಈಗ ತಗೊಳ್ತಿರುವ ಬೇರೆ ಮಾತ್ರೆಗಳನ್ನೂ ತಿಳಿಸೋಣ.

4. ಜೊತೆಗೆ ಕಾಫಿ, ಎನರ್ಜಿ ಡ್ರಿಂಕ್ ಕಡಿಮೆ ಮಾಡೋಣ.

5. ಫ್ರೆಂಡ್‌ಗೆ ಕೊಡೋದೇ ಬೇಡ. ಅವನ ಹೃದಯ ಹೇಗಿದೆ ಅಂತ ನಮಗೆ ಗೊತ್ತಿಲ್ಲ, ಎಷ್ಟೋ ಸಲ ಅವನಿಗೂ ಗೊತ್ತಿರುವುದಿಲ್ಲ.

ಓದಿಗೆ ಮನಸ್ಸು ನಿಲ್ಲುತ್ತಿಲ್ಲವಾ? ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.